ಸಹಾನುಭೂತಿ ಅಳೆಯುವ ಪ್ರಶ್ನಾವಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸರ್ಟೇಶನ್ ಕಾಲ ಬಂತೆಂದರೆ ಸೈಕಾಲಜಿ, ಎಂಎಸ್‌ಡಬ್ಲ್ಯು, ನರ್ಸಿಂಗ್ ವಿದ್ಯಾರ್ಥಿಗಳು ಇವೇ ಪ್ರಶ್ನೆಗಳನ್ನು ಹಿಡಿದುಕೊಂಡು ಬರುತ್ತಾರೆ. ವರ್ಷಾ ವರ್ಷಾ ಅದನ್ನೇ ಹೇಳಿ ಗಂಟಲು ಒಣಗಿದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಆಸ್ಪತ್ರೆ, ಎನ್‌ಜಿಒಗಳಲ್ಲಿ ತರಬೇತಿ ನಡೆಸುವವರಿಗೂ ಉಪಯೋಗಕ್ಕೆ ಬಂದೀತು.

ಪ್ರಶ್ನೆ: ಸಹಾನುಭೂತಿ, ಅನುಕಂಪ, ಮರುಕ ಎಲ್ಲ ಒಂದೇ ಅಲ್ಲವೇ?

ಮಾತಿನಲ್ಲಿ ಹೆಚ್ಚುಕಮ್ಮಿ ಒಂದೇ. ಅಳೆಯಲು ಕೂತಾಗ ಅಲ್ಲ. ಜರ್ಮನಿಯಲ್ಲಿ 'ಐನ್‌ಫ್ಯೂಲುಂಗ್' ಎಂಬ ಪದ ಮೊದಲು ಕಲೆಯ ಚರ್ಚೆಯಲ್ಲಿ ಹುಟ್ಟಿತು. ಶಿಲ್ಪವನ್ನೋ ಕಟ್ಟಡವನ್ನೋ ನೋಡುತ್ತಾ ಅದರೊಳಗೆ ನಮ್ಮ ಭಾವ ಹೊಕ್ಕಂತಾಗುತ್ತದಲ್ಲ, ಅದಕ್ಕಿಟ್ಟ ಹೆಸರು. ಜರ್ಮನ್ ತತ್ವಜ್ಞಾನಿ ಥಿಯೊಡೋರ್ ಲಿಪ್ಸ್ ಅದನ್ನು ಮನುಷ್ಯರ ನಡುವಿನ ವಿಷಯಕ್ಕೆ ತಂದರು. 1909ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚನರ್ ಅದಕ್ಕೆ 'ಎಂಪಥಿ' ಎಂಬ ಇಂಗ್ಲಿಷ್ ಪದ ಕಟ್ಟಿದರು. ಅಂದಿನಿಂದ ಒಂದೇ ಪದದ ಕೆಳಗೆ ಮೂರು ಸಂಗತಿ ಬೆರೆತುಹೋಗಿವೆ: ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು, ಅವರ ಭಾವ ನಮಗೂ ಅಂಟಿಕೊಳ್ಳುವುದು, ಅವರಿಗೆ ಒಳ್ಳೆಯದಾಗಲಿ ಅಂತ ಕರುಳು ಮಿಡಿಯುವುದು. ಮೊದಲನೆಯದು ಭರ್ತಿ ಇದ್ದು ಮೂರನೆಯದು ಸೊನ್ನೆ ಇರುವವರೂ ಇದ್ದಾರೆ. ಒಳ್ಳೆಯ ಮೋಸಗಾರ ಎದುರಿನವರ ಮನಸ್ಸನ್ನು ನೀರಿನಂತೆ ಓದುತ್ತಾನೆ.

ಕನ್ನಡದಲ್ಲಿ ಇನ್ನೊಂದು ತೊಡಕು. 'ಅನುಕಂಪ' ಎಂದೊಡನೆ ನಮ್ಮವರಿಗೆ ನೆನಪಾಗುವುದು ಚುನಾವಣೆಯ ಅನುಕಂಪದ ಅಲೆ, ಇಲ್ಲವೇ ನೌಕರಿಯಲ್ಲಿದ್ದ ತಂದೆ ತೀರಿಹೋದ ಮೇಲೆ ಮಗನಿಗೆ ಸಿಗುವ ಅನುಕಂಪದ ಆಧಾರದ ಕೆಲಸ. ಎಂಪಥಿಗೆಂದು ಕಟ್ಟಿದ 'ಪರಾನುಭೂತಿ' ಪಠ್ಯಪುಸ್ತಕದ ಆಚೆ ಓಡಾಡಿಲ್ಲ. ಅದಕ್ಕೇ ಹೇಳುತ್ತೇನೆ, ಫಾರ್ಮಿನ ತಲೆಯ ಮೇಲೆ ಈ ಯಾವ ಪದವನ್ನೂ ಹಾಕಬೇಡಿ. 'ದಿನನಿತ್ಯದ ಅನುಭವಗಳ ಕುರಿತ ಪ್ರಶ್ನಾವಳಿ' ಎಂದರೆ ಸಾಕು. ಶೀರ್ಷಿಕೆಯಲ್ಲೇ ಕರುಣೆ ಎಂದು ಬರೆದರೆ ಯಾರು ತಾನೇ ಕಟುಕ ಅನ್ನಿಸಿಕೊಳ್ಳಲು ಒಪ್ಪುತ್ತಾರೆ?

ಪ್ರಶ್ನೆ: ಯಾವ ಪ್ರಶ್ನಾವಳಿ ಒಳ್ಳೆಯದು?

ನಿಮ್ಮ ಸಂಶೋಧನಾ ಪ್ರಶ್ನೆ ಏನು ಅಂತ ಮೊದಲು ಹೇಳಿ ಎಂದರೆ ಅರ್ಧ ಜನ ಎದ್ದು ಹೋಗುತ್ತಾರೆ. ಇರಲಿ.

ಹೆಚ್ಚು ಬಳಕೆಯಲ್ಲಿರುವುದು ಮಾರ್ಕ್ ಡೇವಿಸ್ 1980ರಲ್ಲಿ ಪ್ರಕಟಿಸಿದ ಇಂಟರ್‌ಪರ್ಸನಲ್ ರಿಯಾಕ್ಟಿವಿಟಿ ಇಂಡೆಕ್ಸ್, ಚುಟುಕಾಗಿ ಐಆರ್‌ಐ. ಒಟ್ಟು 28 ಹೇಳಿಕೆ, ಏಳೇಳರ ನಾಲ್ಕು ಗುಂಪು. ಇನ್ನೊಬ್ಬರ ದೃಷ್ಟಿಯಿಂದ ನೋಡುವುದು ಒಂದು. ಕಷ್ಟದಲ್ಲಿರುವವರ ಬಗ್ಗೆ ಕಾಳಜಿ ಇನ್ನೊಂದು. ಕಥೆ ಸಿನಿಮಾಗಳ ಪಾತ್ರದಲ್ಲಿ ಮುಳುಗುವುದು ಮೂರನೆಯದು. ತುರ್ತು ಸಂದರ್ಭದಲ್ಲಿ ತಾನೇ ಗಾಬರಿಬೀಳುವುದು ನಾಲ್ಕನೆಯದು. ಪ್ರತಿ ಹೇಳಿಕೆಗೆ 0ಯಿಂದ 4, ಹಾಗಾಗಿ ಪ್ರತಿ ಗುಂಪಿಗೆ 0ಯಿಂದ 28 ಅಂಕ.

ಚಿಕ್ಕದು ಬೇಕೆಂದರೆ 2009ರ ಟೊರಾಂಟೊ ಎಂಪಥಿ ಕ್ವೆಶ್ಚನೇರ್ ಇದೆ, 16 ಹೇಳಿಕೆ, ಗರಿಷ್ಠ 64. ಭಾವದ ಕಡೆಗೇ ಅದರ ವಾಲಿಕೆ. ವೈದ್ಯರು, ನರ್ಸ್‌ಗಳು, ವೈದ್ಯಕೀಯ ವಿದ್ಯಾರ್ಥಿಗಳಿಗೆ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಜೆಫರ್ಸನ್ ಸ್ಕೇಲ್ ಇದೆ, 20 ಹೇಳಿಕೆ, 20ರಿಂದ 140 ಅಂಕ. ಅದರ ಹಕ್ಕು ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ್ದು. ಅನುಮತಿ ಕೇಳಬೇಕು, ಶುಲ್ಕ ಕಟ್ಟಬೇಕು. ಸೀನಿಯರ್ ಕೊಟ್ಟ ಜೆರಾಕ್ಸ್ ಪ್ರತಿಯನ್ನೇ ಹಂಚಿ ಆಮೇಲೆ ಜರ್ನಲ್‌ಗೆ ಕಳಿಸುವಾಗ ಪೇಚಾಡಿದವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಐಆರ್‌ಐಯ ನಾಲ್ಕೂ ಗುಂಪು ಕೂಡಿಸಿ ಒಂದು ಒಟ್ಟು ಅಂಕ ಕೊಡಬಹುದೇ?

ಬೇಡ. ಅಪಘಾತ ವಿಭಾಗದ ಇಬ್ಬರು ಸಿಸ್ಟರ್‌ಗಳನ್ನು ನೆನೆಸಿಕೊಳ್ಳಿ. ಒಬ್ಬಾಕೆಗೆ ಕಾಳಜಿ 24, ಗಾಬರಿ 6. ಇನ್ನೊಬ್ಬಾಕೆಗೆ ಕಾಳಜಿ 10, ಗಾಬರಿ 20. ಕೂಡಿಸಿದರೆ ಇಬ್ಬರದೂ 30. ರಕ್ತ ಕಂಡು ಕೈಕಾಲು ನಡುಗುವವರನ್ನೂ, ರೋಗಿಯ ಕೈ ಹಿಡಿದು ಕೂರುವವರನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಿದಂತಾಯಿತು. ಡೇವಿಸ್ ನಾಲ್ಕನ್ನು ಬೇರೆ ಬೇರೆ ಇಟ್ಟದ್ದರ ಉದ್ದೇಶವೇ ಇದು. ಆದರೂ ಪ್ರಕಟವಾದ ಲೇಖನಗಳಲ್ಲಿ ಒಟ್ಟು ಅಂಕ ಕಾಣಸಿಗುತ್ತದೆ. ಅಚ್ಚಾಗಿದೆ ಅಂದಮಾತ್ರಕ್ಕೆ ಸರಿ ಎಂದಲ್ಲ.

ಪ್ರಶ್ನೆ: ಅಂಕ ಜಾಸ್ತಿ ಬಂದವರಿಗೆ ನಿಜವಾಗಿಯೂ ಸಹಾನುಭೂತಿ ಜಾಸ್ತಿ ಇರುತ್ತದೆಯೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

'ಬೇರೆಯವರ ಮನಸ್ಸು ನನಗೆ ಬೇಗ ಅರ್ಥವಾಗುತ್ತದೆ' ಎಂಬ ಹೇಳಿಕೆಗೆ 4 ಹಾಕುವವರು ತಮ್ಮ ಬಗ್ಗೆ ತಾವು ಇಟ್ಟುಕೊಂಡಿರುವ ಅಭಿಪ್ರಾಯವನ್ನು ನಿಮಗೆ ತಿಳಿಸುತ್ತಿದ್ದಾರೆ. ಅರ್ಥ ಮಾಡಿಕೊಳ್ಳುವ ಶಕ್ತಿ ಅವರಿಗಿದೆಯೋ ಇಲ್ಲವೋ ಅದು ಬೇರೆ ಮಾತು. ಈಜು ಬರುತ್ತದೆಯಾ ಎಂದು ಕೇಳಿದರೆ ಉತ್ತರ ಸಿಗುತ್ತದೆ, ಕೆರೆಗೆ ಇಳಿದ ಮೇಲೆ ಗೊತ್ತಾಗುವುದೇ ಬೇರೆ. ಈಜಿನಲ್ಲಾದರೆ ನೀರು ಕುಡಿದು ತಪ್ಪು ತಿಳಿಯುತ್ತದೆ. ಎದುರಿನವರ ಮನಸ್ಸನ್ನು ತಪ್ಪಾಗಿ ಓದಿದರೆ ಬಹಳ ಸಲ ಯಾರೂ ಬಂದು ತಿದ್ದುವುದಿಲ್ಲ. ಆದ್ದರಿಂದ ತಾನು ಬಹಳ ಚೆನ್ನಾಗಿ ಓದುತ್ತೇನೆಂಬ ನಂಬಿಕೆ ಹಾಗೇ ಗಟ್ಟಿಯಾಗುತ್ತಾ ಹೋಗುತ್ತದೆ.

ಇದಕ್ಕೆ ಲೆಕ್ಕವೂ ಇದೆ. 2019ರಲ್ಲಿ ಬ್ರೆಟ್ ಮರ್ಫಿ ಮತ್ತು ಸ್ಕಾಟ್ ಲಿಲಿಯನ್‌ಫೆಲ್ಡ್ 85 ಅಧ್ಯಯನಗಳ 14,327 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಒಂದು ಕಡೆ ಜನ ಪ್ರಶ್ನಾವಳಿಯಲ್ಲಿ ತಮಗೆ ಕೊಟ್ಟುಕೊಂಡ ಅಂಕ, ಇನ್ನೊಂದು ಕಡೆ ಅವರಿಗೆ ಮುಖ, ಕಣ್ಣು, ಸನ್ನಿವೇಶ ತೋರಿಸಿ ಪರೀಕ್ಷೆ ಮಾಡಿದಾಗ ಬಂದ ಅಂಕ. ಪರೀಕ್ಷೆಯ ಅಂಕಗಳಲ್ಲಿ ಜನರ ನಡುವೆ ಕಂಡ ಏರುಪೇರಿನಲ್ಲಿ ಪ್ರಶ್ನಾವಳಿ ವಿವರಿಸಬಲ್ಲದ್ದು ಸುಮಾರು ಶೇ 1 ಮಾತ್ರ. ಎರಡಕ್ಕೂ ಹೆಸರು ಒಂದೇ, ನೆಂಟಸ್ತನ ಮಾತ್ರ ದೂರದ್ದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಆ ಪರೀಕ್ಷೆಗಳೇನೂ ಅಪ್ಪಟ ಚಿನ್ನವಲ್ಲ. ಕಣ್ಣಿನ ಚಿತ್ರ ನೋಡಿ ಭಾವ ಹೇಳುವ 36 ಚಿತ್ರಗಳ ಪರೀಕ್ಷೆಯಲ್ಲಿ ಪದಸಂಪತ್ತು ಇದ್ದವರಿಗೆ ಅನುಕೂಲ ಹೆಚ್ಚು. ಅದೂ ಅಲ್ಲದೆ ಪರೀಕ್ಷೆ ಕೇಳುವುದು 'ಆಗುತ್ತದೆಯೇ' ಎಂದು, ಪ್ರಶ್ನಾವಳಿ ಕೇಳುವುದು 'ಸಾಮಾನ್ಯವಾಗಿ ಮಾಡುತ್ತೀರಾ' ಎಂದು. ಅಡುಗೆ ಬರುವವರೆಲ್ಲ ದಿನಾ ಅಡುಗೆ ಮಾಡುವುದಿಲ್ಲ.

ಪ್ರಶ್ನೆ: ಹಾಗಾದರೆ ಪ್ರಶ್ನಾವಳಿ ಯಾಕೆ ಬಳಸಬೇಕು? ಬಿಸಾಡಿಬಿಡೋಣವೇ?

ಬಿಸಾಡುವಂಥದ್ದೇನಲ್ಲ. ಕಾಳಜಿ, ಗಾಬರಿ ಇಂಥವು ಒಳಗಿನ ಅನುಭವ, ಅದನ್ನು ಬಲ್ಲವರು ಅನುಭವಿಸುವವರೇ. 'ಅಳುವವರನ್ನು ನೋಡಿದರೆ ನನಗೂ ಗಂಟಲು ಕಟ್ಟುತ್ತದೆ' ಎಂಬುದನ್ನು ಕೇಳಿಯೇ ತಿಳಿಯಬೇಕು. ನೂರಾರು ಜನರ ಗುಂಪನ್ನು ಹೋಲಿಸುವಾಗ, ಒತ್ತಡದ ಜೊತೆಗೋ ಕೆಲಸದ ದಣಿವಿನ ಜೊತೆಗೋ ಸಂಬಂಧ ನೋಡುವಾಗ ಇದು ಕೆಲಸಕ್ಕೆ ಬರುತ್ತದೆ. ಪ್ರಬಂಧದಲ್ಲಿ ಮಾತ್ರ 'ಸಹಾನುಭೂತಿಯ ಮಟ್ಟ' ಎಂದು ಬರೆಯುವ ಬದಲು 'ಸ್ವಯಂ ವರದಿಯ ಪ್ರಕಾರ' ಎಂಬ ಎರಡು ಮಾತು ಸೇರಿಸಿ. ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೈ ಇಡುವುದೇ ಅಲ್ಲಿ.

ಪ್ರಶ್ನೆ: ಎಲ್ಲರೂ ತಾವು ಒಳ್ಳೆಯವರು ಅಂತಲೇ ಬರೆಯುತ್ತಾರಲ್ಲ?

ಬರೆಯುತ್ತಾರೆ, ಅದರಲ್ಲಿ ಸುಳ್ಳು ಹೇಳುವ ಉದ್ದೇಶವೇ ಇರಬೇಕಿಲ್ಲ. ಇದಕ್ಕಾಗಿ ಕ್ರೌನ್ ಮತ್ತು ಮಾರ್ಲೋ 1960ರಲ್ಲೇ 33 ಹೇಳಿಕೆಗಳ ಒಂದು ಮಾಪಕ ಮಾಡಿದ್ದರು. 'ನನಗೆ ಯಾರ ಮೇಲೂ ಯಾವತ್ತೂ ಸಿಟ್ಟು ಬಂದಿಲ್ಲ' ಎಂಬ ಧಾಟಿಯ ಮಾತುಗಳಿಗೆ ಸಾಲು ಸಾಲಾಗಿ ಹೌದು ಎನ್ನುವವರನ್ನು ಅದು ಗುರುತಿಸುತ್ತದೆ. ಜೊತೆಗೆ ಅದನ್ನೂ ಕೊಡಬಹುದು. ಅದಕ್ಕಿಂತ ಸುಲಭದ್ದು: ಹೆಸರು ಬರೆಸಬೇಡಿ, ವಾರ್ಡ್ ಇನ್‌ಚಾರ್ಜ್ ಕೈಯಲ್ಲಿ ಫಾರ್ಮ್ ವಾಪಸ್ ತರಿಸಿಕೊಳ್ಳಬೇಡಿ, ಮುಚ್ಚಿದ ಡಬ್ಬಿ ಇಡಿ.

ಪ್ರಶ್ನೆ: ನೆಗೆಟಿವ್ ಹೇಳಿಕೆಗಳು ಕನ್ನಡದಲ್ಲಿ ಯಾಕೆ ಇಷ್ಟು ಕಾಡುತ್ತವೆ?

ಕಣ್ಣು ಮುಚ್ಚಿಕೊಂಡು ಎಲ್ಲಕ್ಕೂ 'ಒಪ್ಪುತ್ತೇನೆ' ಎನ್ನುವವರನ್ನು ಹಿಡಿಯಲು ಕೆಲವು ಹೇಳಿಕೆಗಳನ್ನು ತಿರುಗಿಸಿ ಬರೆದಿರುತ್ತಾರೆ. ಐಆರ್‌ಐಯಲ್ಲಿ 28ರಲ್ಲಿ 9 ಹಾಗಿವೆ. ಟೊರಾಂಟೊದಲ್ಲಿ 16ರಲ್ಲಿ 8, ಜೆಫರ್ಸನ್‌ನಲ್ಲಿ 20ರಲ್ಲಿ 10.

ಈಗ ಕನ್ನಡದ ಮಾತುಕತೆ ಕೇಳಿ. 'ನಿಂಗೆ ಬೇಜಾರಾಗಲ್ಲ ಅಲ್ವಾ?' ಎಂದರೆ ಒಬ್ಬರು 'ಹೂಂ, ಆಗಲ್ಲ' ಅನ್ನುತ್ತಾರೆ, ಇನ್ನೊಬ್ಬರು 'ಇಲ್ಲ, ಆಗಲ್ಲ' ಅನ್ನುತ್ತಾರೆ. ಇಬ್ಬರ ಅರ್ಥವೂ ಒಂದೇ! ಬಾಯಲ್ಲಿ ಹೇಳುವಾಗ ಹಿಂದಿನ ಪದ ಕಾಪಾಡುತ್ತದೆ. ಫಾರ್ಮಿನಲ್ಲಿ 'ಇತರರ ಕಷ್ಟ ನನ್ನನ್ನು ಕಾಡುವುದಿಲ್ಲ' ಎಂಬ ಸಾಲಿನ ಮುಂದೆ 'ಒಪ್ಪುವುದಿಲ್ಲ' ಎಂಬ ಕಲಂ ಬಂದಾಗ ಕಾಪಾಡುವವರು ಯಾರೂ ಇಲ್ಲ. ಇಲ್ಲಕ್ಕೆ ಇಲ್ಲ ಸೇರಿಸಿದ್ದೇನೆಂಬ ಸಮಾಧಾನದಲ್ಲಿ ಕಾಡುತ್ತದೆ ಎನ್ನುವವರೂ ಟಿಕ್ ಹಾಕುತ್ತಾರೆ, ಕಾಡುವುದಿಲ್ಲ ಎನ್ನುವವರೂ ಅಲ್ಲೇ ಟಿಕ್ ಹಾಕುತ್ತಾರೆ.

ಸಾಧ್ಯವಾದ ಕಡೆ 'ಇಲ್ಲ' ತೆಗೆದು ವಿರುದ್ಧಾರ್ಥದ ಕ್ರಿಯೆಯನ್ನೇ ಹಾಕಿ. 'ಇತರರ ಕಷ್ಟ ಕೇಳಿದರೂ ನಾನು ನಿಶ್ಚಿಂತೆಯಿಂದ ಇರುತ್ತೇನೆ' ಎಂದರೆ ಗೊಂದಲ ತೀರಾ ಕಡಿಮೆ. ಅಂಕ ಹಾಕುವಾಗ ತಿರುಗಿಸುವುದನ್ನು ಮರೆಯಬೇಡಿ: 0ಯಿಂದ 4ರ ಅಳತೆಯಾದರೆ 4ರಿಂದ ಕಳೆದರಾಯಿತು, 1ರಿಂದ 5 ಆದರೆ 6ರಿಂದ.

ಪ್ರಶ್ನೆ: ಗೂಗಲ್ ಅನುವಾದ ಮಾಡಿ, ಕನ್ನಡ ಮೇಷ್ಟ್ರ ಸಹಿ ಹಾಕಿಸಿದರೆ ಸಾಕೇ?

ಸಹಿಗೆ ಸಾಕು, ಅಳತೆಗೆ ಸಾಲದು. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು. ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎಲ್ಲಿ ಹಾದಿ ತಪ್ಪಿದೆ ನೋಡಿ ತಿದ್ದಬೇಕು. ಹೀಗೆ ಮರಳಿ ಅನುವಾದಿಸಿ ನೋಡುವ ಬಗ್ಗೆ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಬರೆದದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಪೂರ್ತಿ ಮಾಡುವವರು ಕಮ್ಮಿ.

ಆದರೆ ಹಿಂದುಮುಂದಿನ ಅನುವಾದವೂ ಒಂದು ತಪ್ಪನ್ನು ಹಿಡಿಯಲಾರದು. ಇನ್ನೊಬ್ಬರ ಪರಿಸ್ಥಿತಿಯಲ್ಲಿ ತನ್ನನ್ನು ಊಹಿಸಿಕೊಳ್ಳುವುದಕ್ಕೆ ಇಂಗ್ಲಿಷಿನವರು ಪಾದರಕ್ಷೆಯ ನುಡಿಗಟ್ಟು ಬಳಸುತ್ತಾರೆ, ಈ ಪ್ರಶ್ನಾವಳಿಗಳಲ್ಲೂ ಅದಿದೆ. ವಿದ್ಯಾರ್ಥಿಯೊಬ್ಬ ಅದನ್ನು 'ನಾನು ಇನ್ನೊಬ್ಬರ ಚಪ್ಪಲಿಯಲ್ಲಿ ಕಾಲಿಡುತ್ತೇನೆ' ಎಂದು ತಂದಿದ್ದ. ಮರಳಿ ಇಂಗ್ಲಿಷಿಗೆ ಹೋದಾಗ ಅದು ಅಚ್ಚುಕಟ್ಟಾಗಿ ಮೂಲಕ್ಕೇ ಹೊಂದಿಕೊಂಡಿತು! ಕನ್ನಡದಲ್ಲಿ ಓದಿದವರಿಗೆ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಅದಲುಬದಲಾದ ನೆನಪು. 'ಅವರ ಜಾಗದಲ್ಲಿ ನಾನಿದ್ದರೆ' ಎಂಬುದು ನಮ್ಮಲ್ಲಿ ಇದ್ದೇ ಇದೆ.

ಆದ್ದರಿಂದ ಅಚ್ಚು ಹಾಕಿಸುವ ಮೊದಲು ಎಂಟು ಹತ್ತು ಜನರ ಪಕ್ಕ ಕೂತು, ಒಂದೊಂದು ಹೇಳಿಕೆ ಓದಿಸಿ, 'ಇದನ್ನು ಓದಿದಾಗ ನಿಮ್ಮ ತಲೆಗೆ ಏನು ಬಂತು?' ಎಂದು ಕೇಳಿ. ಹೀಗೆ ಕೂತಾಗ ಜಿಲ್ಲಾಸ್ಪತ್ರೆಯೊಂದರ ಹಿರಿಯ ಸಿಸ್ಟರ್ ಒಬ್ಬರು 'ನನಗಿಂತ ಕಡಿಮೆ ಅದೃಷ್ಟವಂತರ ಬಗ್ಗೆ' ಎಂಬ ಸಾಲಿನ ಮೇಲೆ ಪೆನ್ನಿಟ್ಟು ನಿಲ್ಲಿಸಿದರು. ಮೂರು ತಿಂಗಳಿಂದ ಗುತ್ತಿಗೆ ಸಂಬಳ ಬಂದಿರಲಿಲ್ಲ ಅವರಿಗೆ. 'ನನಗಿಂತ ಕಮ್ಮಿ ಅದೃಷ್ಟದೋರಾ ಸರ್? ಮೊದ್ಲು ಅಂಥೋರನ್ನ ತೋರ್ಸಿ, ಆಮೇಲೆ ಟಿಕ್ ಹಾಕ್ತೀನಿ' ಅಂದರು. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ, ಆದರೆ ಅವರು ಹೇಳಿದ್ದು ಸರಿಯಾಗಿತ್ತು. ಉತ್ತರಿಸುವವರು ಮೇಲೆ, ಮರುಕಕ್ಕೆ ಪಾತ್ರರಾದವರು ಕೆಳಗೆ ಎಂಬ ಲೆಕ್ಕ ಆ ವಾಕ್ಯದೊಳಗೇ ಇದೆ. ಮುಂದಿನ ಕರಡಿನಲ್ಲಿ ಅದನ್ನು 'ಕಷ್ಟದಲ್ಲಿರುವವರನ್ನು ಕಂಡರೆ' ಎಂದು ಮಾಡಿದೆವು.

ಪ್ರಶ್ನೆ: ಓದು ಬರಹ ಬಾರದ ಹಿರಿಯರಿಗೆ ಐದು ಹಂತದ ಉತ್ತರ ಅರ್ಥ ಮಾಡಿಸುವುದು ಹೇಗೆ?

'ತಕ್ಕಮಟ್ಟಿಗೆ ಒಪ್ಪುತ್ತೇನೆ', 'ಭಾಗಶಃ ಒಪ್ಪುತ್ತೇನೆ' ಎಂದು ಓದಿ ಹೇಳಿದರೆ ಅವರು ನಿಮ್ಮ ಮುಖ ನೋಡುತ್ತಾರೆ. ನಮ್ಮಲ್ಲಿ 'ಹದಿನಾರಾಣೆ ನಿಜ' ಎಂಬ ಮಾತಿದೆಯಲ್ಲ, ಅದನ್ನೇ ಹಿಡಿಯಿರಿ. ಇಲ್ಲವೇ ಇಲ್ಲ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ಎಣಿಸಿ ನೋಡಿ, 0ಯಿಂದ 4ರವರೆಗೆ ಐದು ಹಂತ ಸರಿಯಾಗಿ ಬಂತು. 'ಎಂಟಾಣೆ ಬರ್ಕಳಪ್ಪ' ಎಂದು ಅಜ್ಜಿ ತಾವಾಗೇ ಹೇಳುತ್ತಾರೆ. ಕಾಲೇಜು ಹುಡುಗರಿಗೆ ಇದು ನಡೆಯುವುದಿಲ್ಲ, ಅವರು ಆಣೆಯನ್ನೇ ಕಂಡಿಲ್ಲ. ಹೀಗೆ ಬದಲಾಯಿಸಿದ್ದನ್ನು ವಿಧಾನದ ಅಧ್ಯಾಯದಲ್ಲಿ ಬರೆಯಲೇಬೇಕು. ತಾವೇ ತುಂಬಿದ ಫಾರ್ಮನ್ನೂ ನೀವು ಕೇಳಿ ತುಂಬಿದ್ದನ್ನೂ ಒಂದೇ ರಾಶಿಗೆ ಹಾಕುವುದಕ್ಕೂ ಮುಂಚೆ ಯೋಚಿಸಿ. ಎದುರಿಗೆ ಮೇಡಂ ಕೂತಿದ್ದಾಗ ಯಾರೂ 'ನನಗೆ ಕನಿಕರವಿಲ್ಲ' ಎನ್ನುವುದಿಲ್ಲ.

ಪ್ರಶ್ನೆ: ಕಾದಂಬರಿ ಓದದವರಿಗೆ ಐಆರ್‌ಐಯ ಮೂರನೇ ಗುಂಪಿನ, ಅಂದರೆ ಕಥೆಯ ಪಾತ್ರದಲ್ಲಿ ಮುಳುಗುವ ಕುರಿತ ಹೇಳಿಕೆ ಏನು ಮಾಡುವುದು?

ಧಾರಾವಾಹಿ, ಸಿನಿಮಾ, ನಾಟಕ, ಯಕ್ಷಗಾನ ಎಂದು ವಿಸ್ತರಿಸಿ ಪೂರ್ವಪರೀಕ್ಷೆ ಮಾಡಿ. ಇಲ್ಲವೇ ಆ ಗುಂಪನ್ನೇ ಬಿಡಿ. ಹಲವರು ಬಿಡುತ್ತಾರೆ.

ಪ್ರಶ್ನೆ: ಹೆಂಗಸರಿಗೆ ಸಹಾನುಭೂತಿ ಹೆಚ್ಚು ಎಂದು ಫಲಿತಾಂಶ ಬಂದಿದೆ. ಹಾಗೇ ಬರೆಯಲೇ?

ಬಂದೇ ಬರುತ್ತದೆ. 1983ರಲ್ಲಿ ನ್ಯಾನ್ಸಿ ಐಸೆನ್‌ಬರ್ಗ್ ಮತ್ತು ರ‍್ಯಾಂಡಿ ಲೆನನ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಜೋಡಿಸಿ ನೋಡಿದಾಗ ಸ್ವಯಂ ವರದಿಯಲ್ಲಿ ಹೆಂಗಸರು ಗಂಡಸರಿಗಿಂತ ಬಹಳ ಮುಂದಿದ್ದರು. ಅದೇ, ಮೈಯ ಪ್ರತಿಕ್ರಿಯೆಗಳನ್ನು ಅಳೆದಾಗ, ಗೊತ್ತಾಗದಂತೆ ಮುಖಭಾವ ಗಮನಿಸಿದಾಗ ಆ ಅಂತರ ಕಾಣಲಿಲ್ಲ. ಏನನ್ನು ಅಳೆಯುತ್ತಿದ್ದಾರೆ ಎಂಬುದು ಸ್ಪಷ್ಟವಾಗಿದ್ದಷ್ಟೂ ವ್ಯತ್ಯಾಸ ದೊಡ್ಡದು. ಅಂದರೆ 'ಹೆಣ್ಣಾದವಳಿಗೆ ಕರುಳಿರಬೇಕು', 'ಗಂಡಸು ಅಳಬಾರದು' ಎಂದು ಮನೆಯಲ್ಲಿ ಕೇಳಿ ಬೆಳೆದ ಮಾತು ಟಿಕ್ ಗುರುತಿನೊಳಗೂ ಬಂದು ಕೂತಿರುತ್ತದೆ. ಬರೆಯಿರಿ, ಆದರೆ 'ಹೆಚ್ಚು ಅಂಕ ಕೊಟ್ಟುಕೊಂಡರು' ಎಂದು ಬರೆಯಿರಿ.

ಪ್ರಶ್ನೆ: ತರಬೇತಿ ಕೊಟ್ಟ ಮೇಲೆ ಅಂಕ ಇಳಿದಿದೆ! ಏನು ಮಾಡಲಿ?

ಗಾಬರಿಯಾಗಬೇಡಿ. ತರಬೇತಿಗೆ ಮುಂಚೆ 'ರೋಗಿ ಹೇಳುವುದನ್ನು ಗಮನವಿಟ್ಟು ಕೇಳುತ್ತೇನೆ' ಎಂದು ಧೈರ್ಯವಾಗಿ 4 ಹಾಕಿದವರು, ಎರಡು ದಿನ ಅಭ್ಯಾಸ ಮಾಡಿದ ಮೇಲೆ ತಾವು ಎಷ್ಟು ಸಲ ನಡುವೆ ಬಾಯಿ ಹಾಕುತ್ತೇವೆಂದು ತಿಳಿದುಕೊಂಡು 2 ಹಾಕುತ್ತಾರೆ. ಕೇಳುವ ಗುಣ ಸುಧಾರಿಸಿರಬಹುದು, ಅಳೆಯುವ ಗಜವೇ ಬದಲಾಯಿತು. ಕೊನೆಯಲ್ಲಿ 'ಈಗ ಹಿಂದಿರುಗಿ ನೋಡಿದರೆ ಅಂದು ನೀವು ಎಷ್ಟು ಹಾಕಬೇಕಿತ್ತು?' ಎಂದು ಇನ್ನೊಮ್ಮೆ ತುಂಬಿಸಿದರೆ ಇದು ಬಯಲಾಗುತ್ತದೆ. ತರಬೇತುದಾರರನ್ನು ಮೆಚ್ಚಿಸಲು ಹಿಂದಿನದನ್ನು ಬೇಕೆಂದೇ ಕಡಿಮೆ ಹಾಕುವ ಅಪಾಯ ಅದಕ್ಕೂ ಇದೆ. ಆದ್ದರಿಂದ ರೋಗಿಗಳನ್ನೂ ಒಂದು ಮಾತು ಕೇಳಿ.

ಪ್ರಶ್ನೆ: ಎಂಬಿಬಿಎಸ್ ಓದುತ್ತಾ ಓದುತ್ತಾ ಸಹಾನುಭೂತಿ ಕರಗುತ್ತದೆ ಎನ್ನುವುದು ನಿಜವೇ?

ಮೊಹಮ್ಮದ್‌ರೇಜಾ ಹೊಜತ್ ಮತ್ತು ಸಂಗಡಿಗರು 2009ರಲ್ಲಿ ಜೆಫರ್ಸನ್‌ನ ವಿದ್ಯಾರ್ಥಿಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ, ಮೂರನೇ ವರ್ಷದಲ್ಲಿ, ಅಂದರೆ ಅಲ್ಲಿಯವರು ವಾರ್ಡಿಗೆ ಇಳಿಯುವ ಹೊತ್ತಿಗೆ, ಅಂಕ ಇಳಿಯುತ್ತದೆ ಎಂದರು. ಮರುವರ್ಷವೇ ಜೆರಿ ಕಾಲಿವರ್ ತಂಡ ಇಂಥ ಅಧ್ಯಯನಗಳನ್ನೆಲ್ಲ ಮತ್ತೆ ತಿರುವಿ ಹಾಕಿ, ಇಳಿತ ತೀರಾ ಸಣ್ಣದು, ಕೂಗಾಟ ದೊಡ್ಡದು ಎಂದಿತು. ನನಗೆ ಎರಡನೆಯವರ ಎಚ್ಚರಿಕೆ ಹಿಡಿಸುತ್ತದೆ. ನಮ್ಮಲ್ಲಿ 2019ರ ಬ್ಯಾಚಿನಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಭಾವ, ನೈತಿಕತೆ, ಸಂವಹನದ ಪಾಠ ಸೇರಿದ ಮೇಲೆ ಇಂಥ ಪ್ರಶ್ನಾವಳಿ ಹಂಚುವುದು ಜಾಸ್ತಿಯಾಗಿದೆ. ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಒಂದೇ ದಿನ ಕೇಳಿ ಅಂಕ ಹೋಲಿಸಿ 'ಇಳಿದಿದೆ' ಎನ್ನುವುದು ಸುಲಭ. ಅವರು ಬೇರೆ ಬೇರೆ ಹುಡುಗರು ಎಂಬುದನ್ನು ಮರೆಯಬಾರದು.

ಪ್ರಶ್ನೆ: ಎಂಪಥಿ ಕೋಶಂಟ್‌ನಲ್ಲಿ 30ಕ್ಕಿಂತ ಕಡಿಮೆ ಬಂದರೆ ಆಟಿಸಂ ಇದೆ ಎಂದರ್ಥವೇ?

ಅಲ್ಲ. ಸೈಮನ್ ಬ್ಯಾರನ್-ಕೋಹೆನ್ ಮತ್ತು ಸ್ಯಾಲಿ ವೀಲ್‌ರೈಟ್ 2004ರಲ್ಲಿ ಪ್ರಕಟಿಸಿದ 60 ಹೇಳಿಕೆಗಳ ಮಾಪಕ ಅದು. 20 ಹೇಳಿಕೆಗಳಿಗೆ ಅಂಕವೇ ಇಲ್ಲ, ಗಮನ ಬೇರೆಡೆ ತಿರುಗಿಸಲು ಇಟ್ಟವು. ಉಳಿದ 40ಕ್ಕೆ ಗರಿಷ್ಠ 80. ಅವರ ಅಧ್ಯಯನದಲ್ಲಿ ಆಟಿಸಂ ಇರುವ ವಯಸ್ಕರಲ್ಲಿ ಶೇ 81 ಜನ 30 ಅಥವಾ ಅದಕ್ಕಿಂತ ಕಡಿಮೆ ಪಡೆದರು. ಆಟಿಸಂ ಇಲ್ಲದವರಲ್ಲೂ ಶೇ 12 ಜನ ಅಲ್ಲೇ ಇದ್ದರು. ಇಲ್ಲದವರ ಸಂಖ್ಯೆ ಸಮಾಜದಲ್ಲಿ ಎಷ್ಟೋ ಪಟ್ಟು ಹೆಚ್ಚು, ಆದ್ದರಿಂದ ಕಡಿಮೆ ಅಂಕ ಬಂದವರಲ್ಲಿ ಬಹುಪಾಲು ಜನಕ್ಕೆ ಆಟಿಸಂ ಇರುವುದಿಲ್ಲ. ಇನ್ನೂ ಒಂದಿದೆ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ, ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಎಂದರು. ಆಟಿಸಂ ಇರುವವರ ಮನಸ್ಸನ್ನು ಉಳಿದವರು ಎಷ್ಟು ಓದಬಲ್ಲರು ಎಂದು ಯಾವ ಫಾರ್ಮೂ ಕೇಳುವುದಿಲ್ಲ.

ಪ್ರಶ್ನೆ: ಕೆಲಸಕ್ಕೆ ಆಯ್ಕೆ ಮಾಡುವಾಗ ಬಳಸಬಹುದೇ?

ಕೆಲಸ ಬೇಕಾದವರಿಗೆ ಯಾವ ಉತ್ತರ ಬೇಕೆಂದು ಗೊತ್ತಿರುತ್ತದೆ. ಬೇಡ.

ಪ್ರಶ್ನೆ: 'ಈಗಿನ ಹುಡುಗರಿಗೆ ಕನಿಕರ ಇಲ್ಲ' ಎಂದು ಸಂಶೋಧನೆಯೇ ಹೇಳಿದೆಯಂತೆ?

ಹೇಳಿತ್ತು, ಆಮೇಲೆ ಬೇರೆಯದನ್ನೂ ಹೇಳಿತು. ಸಾರಾ ಕಾನ್‌ರಾತ್ ಮತ್ತಿಬ್ಬರು 2011ರಲ್ಲಿ, 1979ರಿಂದ 2009ರವರೆಗೆ ಐಆರ್‌ಐ ತುಂಬಿದ 13,737 ಅಮೆರಿಕನ್ ಕಾಲೇಜು ವಿದ್ಯಾರ್ಥಿಗಳ ಅಂಕ ಜೋಡಿಸಿ, 2000ದ ನಂತರ ಇಳಿತ ಜೋರಾಗಿದೆ ಎಂದರು. ಪತ್ರಿಕೆಗಳಿಗೆ ಹಬ್ಬ. ಮುಂದೆ ಅದೇ ಕಾನ್‌ರಾತ್ ತಂಡ 2018ರವರೆಗಿನ ಮಾಹಿತಿ ಸೇರಿಸಿ ನೋಡಿದಾಗ 2008ರಿಂದ ಈಚೆಗೆ ಅಂಕ ಮತ್ತೆ ಏರಿತ್ತು. ಆ ಸುದ್ದಿ ಅಷ್ಟು ಓಡಲಿಲ್ಲ. ಎರಡೂ ಅಮೆರಿಕದ ಮಾತು, ನಮ್ಮ ಹುಡುಗರನ್ನು ಬೈಯಲು ಇದನ್ನು ತರಬೇಡಿ.

ದೇಶ ದೇಶಗಳ ರ‍್ಯಾಂಕಿಂಗ್ ಕೂಡ ಹೀಗೇ. 63 ದೇಶಗಳ ಲಕ್ಷಕ್ಕೂ ಮೀರಿದ ಜನರ ಆನ್‌ಲೈನ್ ಉತ್ತರಗಳಲ್ಲಿ ಈಕ್ವೆಡಾರ್ ಮೊದಲು, ಲಿಥುವೇನಿಯಾ ಕೊನೆ ಎಂದು ಬಂದಿತ್ತು. ಪ್ರತಿಯೊಬ್ಬರೂ ತಮ್ಮನ್ನು ಹೋಲಿಸಿಕೊಳ್ಳುವುದು ಅಕ್ಕಪಕ್ಕದವರ ಜೊತೆ. ಊರೆಲ್ಲ ಉಪಕಾರಿಗಳೇ ಇರುವ ಕಡೆ ಸಾಧಾರಣ ಉಪಕಾರಿ ತನಗೆ 2 ಹಾಕಿಕೊಳ್ಳುತ್ತಾನೆ.

ಪ್ರಶ್ನೆ: ಆಲ್ಫಾ 0.48 ಬಂದಿದೆ. ಗೈಡ್ ಒಪ್ಪುತ್ತಿಲ್ಲ.

ಒಂದೇ ಗುಂಪಿನ ಹೇಳಿಕೆಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬುದನ್ನು ಕ್ರಾನ್‌ಬ್ಯಾಕ್ ಆಲ್ಫಾ ಹೇಳುತ್ತದೆ, 0.70 ವಾಡಿಕೆಯ ಗೆರೆ. ಮೊದಲು ಎಕ್ಸೆಲ್ ತೆರೆದು, ತಿರುಗಿಸಬೇಕಾದ ಹೇಳಿಕೆಗಳನ್ನು ತಿರುಗಿಸಿದ್ದೀರಾ ನೋಡಿ. ನನ್ನ ಹತ್ತಿರ ಬರುವ ಪ್ರಕರಣಗಳಲ್ಲಿ ಕಾಯಿಲೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ತಿರುಗಿಸಿದ ಮೇಲೂ ಕಡಿಮೆಯೇ ಇದ್ದರೆ 'ಇಲ್ಲ' ಇರುವ ಹೇಳಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಆಲ್ಫಾ 0.90 ಬಂತೆಂದು ಕುಣಿಯಲೂಬೇಡಿ: ಒಂದೇ ಮಾತನ್ನು ಏಳು ಸಲ ಕೇಳಿದರೂ ಅಷ್ಟು ಬರುತ್ತದೆ.

ಪ್ರಶ್ನೆ: ಪ್ರಶ್ನಾವಳಿ ಬಿಟ್ಟು ಬೇರೆ ದಾರಿ?

ವಿಲಿಯಂ ಇಕ್ಸ್ ರೂಪಿಸಿದ ವಿಧಾನ ನನಗೆ ಬಹಳ ಇಷ್ಟ. ಇಬ್ಬರ ಸಹಜ ಮಾತುಕತೆಯನ್ನು ವಿಡಿಯೊ ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ವಿಡಿಯೊದ ಯಾವ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತೆಂದು ಬರೆಸುತ್ತಾರೆ. ಇನ್ನೊಬ್ಬರು ಅದೇ ಕ್ಷಣಗಳಲ್ಲಿ ವಿಡಿಯೊ ನಿಂತಾಗ 'ಅವರು ಆಗ ಏನು ಯೋಚಿಸುತ್ತಿದ್ದರು?' ಎಂದು ಊಹಿಸಬೇಕು. ಎರಡನ್ನೂ ಪಕ್ಕ ಪಕ್ಕ ಇಟ್ಟು ಅಂಕ. ಮೂವತ್ತು ಜೋಡಿಗೆ ಮಾಡುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ, ಆದರೆ ಮಾಡಿದವರು ಬಂದು ಹೇಳುವ ಕಥೆಗಳೇ ಬೇರೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಜೊತೆಗೆ ಕೆಲಸ ಮಾಡುವವರಿಂದಲೋ ರೋಗಿಗಳಿಂದಲೋ ಅದೇ ವ್ಯಕ್ತಿಯ ಬಗ್ಗೆ ಒಂದು ಚಿಕ್ಕ ಫಾರ್ಮ್ ತುಂಬಿಸಿ.

ಪ್ರಶ್ನೆ: ತುಂಬಿಕೊಟ್ಟವರು ತಮ್ಮ ಅಂಕ ಕೇಳಿದರೆ ಹೇಳಬೇಕೇ?

ಹೆಸರಿಲ್ಲದ ಫಾರ್ಮಾದರೆ ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ, ಅದನ್ನು ಒಪ್ಪಿಗೆ ಪತ್ರದಲ್ಲೇ ತಿಳಿಸಿರಿ. ಹೆಸರಿದ್ದರೆ, ಬರೀ ಸಂಖ್ಯೆ ಕೈಗೆ ಕೊಟ್ಟು ಕಳಿಸಬೇಡಿ. ಇದರಲ್ಲಿ ಪಾಸು ಫೇಲು ಇಲ್ಲ, ನೀವು ನಿಮ್ಮ ಬಗ್ಗೆ ಹೇಳಿದ್ದನ್ನೇ ಕೂಡಿಸಿದ್ದೇವೆ ಎಂದು ವಿವರಿಸಿ. ಆ ಹಿರಿಯ ಸಿಸ್ಟರ್‌ಗೆ ನಾನು ಹೀಗೇ ವಿವರಿಸಿದ್ದೆ. 'ನಾನ್ ಹೇಳಿದ್ದನ್ನ ನಂಗೇ ವಾಪಸ್ ಹೇಳ್ತೀರಾ' ಎಂದು ನಗುತ್ತಾ, ಡ್ರಿಪ್ ಬದಲಾಯಿಸಲು ಎದ್ದು ಹೋದರು.